ಮೂರು ಗೆರೆಯ ವಿಭೂತಿ

ಕಳೆದ ವರ್ಷ ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ, ಒಂದು ಕಾಲದಲ್ಲಿ ಕಂಪನಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದ ಅಜ್ಜಿಯೊಬ್ಬರ ಮುಂದೆ ಫೋನ್ ಹಿಡಿದು ಕೂತಿದ್ದೆ. ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಇತಿಹಾಸ ನನ್ನ ಪಿಎಚ್‌ಡಿ ವಿಷಯ. ಅದಕ್ಕಾಗಿ ಊರೂರು ಸುತ್ತಿ ಹನ್ನೊಂದು ಮನೆಗಳಿಂದ ಕರಪತ್ರ, ಟಿಕೆಟ್ಟಿನ ತುಂಡು, ಕಪ್ಪು-ಬಿಳುಪು ಫೋಟೋಗಳನ್ನು ಸ್ಕ್ಯಾನ್ ಮಾಡಿಕೊಂಡಿದ್ದೆ. ಕೊಟ್ಟವರಿಗೆಲ್ಲ ಒಂದು ಮಾತು ಕೊಟ್ಟಿದ್ದೆ: ಎಲ್ಲವನ್ನೂ ಒಂದು ಜಾಲತಾಣದಲ್ಲಿ ಹಾಕುತ್ತೇನೆ, ನೀವು ಮನೆಯಲ್ಲೇ ಕೂತು ನೋಡಬಹುದು. ಆ ತಾಣ ಸಿದ್ಧವಾಗಿತ್ತು. ಮೇಲೆ ತಾವಾಗಿ ಸರಿಯುವ ಚಿತ್ರಗಳು, ಬಲಮೂಲೆಯಲ್ಲಿ ಮೆನು ಅಡಗಿಸಿಟ್ಟ ಮೂರು ಅಡ್ಡಗೆರೆ, ಅದರೊಳಗೆ ‘ದಾಖಲೆಗಳು’, ‘ಸಂಗ್ರಹಗಳು’ ಇತ್ಯಾದಿ. ವಿಭಾಗದಲ್ಲಿ ಎಲ್ಲರೂ ಮೆಚ್ಚಿದ್ದರು.

ಅಜ್ಜಿ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮೊದಲ ಚಿತ್ರ ಸರಿದುಹೋಯಿತು. “ಯವ್ವಾ, ನಮ್ಮವರ ಫೋಟೋ ಎಲ್ಲೈತಿ?” ಎಂದರು. “ಅಲ್ಲಿ ಮೂಲ್ಯಾಗ ಮೂರು ಗೆರಿ ಅದಾವಲ್ಲ ಅಜ್ಜಿ, ಅದನ್ನ ಒತ್ರಿ” ಅಂದೆ. ಅವರು ಸ್ವಲ್ಪ ಹೊತ್ತು ದಿಟ್ಟಿಸಿ, “ಇದಕ್ಯಾಕ ವಿಭೂತಿ ಹಚ್ಚೀದಿ?” ಎಂದು ಕೇಳಿದರು.

ಹಾಸ್ಟೆಲ್ಲಿಗೆ ಮರಳಿದ ಮೇಲೆ ನಾನು ಓದಬೇಕಾದ್ದನ್ನು ಬಿಟ್ಟು ಆ ಮೂರು ಗೆರೆಯ ಹಿಂದೆ ಬಿದ್ದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದೊಂದು ಚಾಳಿ. ಅದನ್ನು ಬರೆದವರು ನಾರ್ಮ್ ಕಾಕ್ಸ್, 1981ರಲ್ಲಿ ಬಂದ ‘ಜೆರಾಕ್ಸ್ ಸ್ಟಾರ್’ ಎಂಬ ಕಂಪ್ಯೂಟರಿಗಾಗಿ. ಸ್ಟಾರ್ ಹುಟ್ಟಿದ್ದೇ ಕಂಪ್ಯೂಟರ್ ತಿಳಿಯದ ಕಚೇರಿ ಜನರಿಗಾಗಿ. ಪರದೆಯ ಮೇಲೆ ಕಾಗದ, ಫೋಲ್ಡರ್, ಕಡತದ ಬೀರು, ಎಲ್ಲವೂ ಚಿತ್ರಗಳಾಗಿದ್ದವು. ಮೂರು ಗೆರೆಯೆಂದರೆ ಒಂದರ ಕೆಳಗೊಂದು ಬರೆದ ಪಟ್ಟಿ. ಮುಂದೆ ಮೊಬೈಲಿನ ಚಿಕ್ಕ ಪರದೆಗಳು ಬಂದಾಗ ಜಾಗ ಉಳಿಸಲು ಅದೇ ಗುರುತು ಮತ್ತೆ ಹೊರಬಂತು. ಹೊಸಬರಿಗೆಂದೇ ಮಾಡಿದ ಗುರುತು ಅದು, ನಿಜ. ಆದರೆ ಆ ಹೊಸಬ ಅಮೆರಿಕದ ಕಚೇರಿಯೊಂದರ ಮೇಜಿನ ಮುಂದೆ ಕೂತವನು. ಅಜ್ಜಿ ಕಂಡ ಮೂರು ಗೆರೆಯೇ ಬೇರೆ.

ವೆಬ್‌ನ ಆರಂಭದಲ್ಲೂ ಇದೇ ಪ್ರಶ್ನೆ ಎದುರಾಗಿತ್ತು. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊದಲ ಬ್ರೌಸರಿನಲ್ಲಿ ಪುಟ ಓದುವುದಷ್ಟೇ ಅಲ್ಲ, ಅಲ್ಲೇ ತಿದ್ದಲೂ ಆಗುತ್ತಿತ್ತು. ಆದರೆ ಅದು ನಡೆಯುತ್ತಿದ್ದುದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ. ಸರ್ನ್‌ನಲ್ಲೇ ಬಹುತೇಕರ ಬಳಿ ಅದು ಇರಲಿಲ್ಲ. ಆಗ ಇಂಗ್ಲೆಂಡಿನಿಂದ ತರಬೇತಿಗೆ ಬಂದಿದ್ದ ಗಣಿತದ ವಿದ್ಯಾರ್ಥಿನಿ ನಿಕೋಲಾ ಪೆಲ್ಲೋ ಇನ್ನೊಂದು ಬ್ರೌಸರ್ ಬರೆದರು. ಅದರಲ್ಲಿ ಚಿತ್ರವಿಲ್ಲ, ಮೌಸ್ ಬೇಕಿಲ್ಲ. ಪ್ರತಿ ಕೊಂಡಿಯ ಪಕ್ಕ ಒಂದು ಅಂಕಿ. ಆ ಅಂಕಿ ಬರೆದು ಎಂಟರ್ ಒತ್ತಿದರೆ ಪುಟ ತೆರೆಯುತ್ತದೆ. ಎಂಥ ಹಳೆಯ ಯಂತ್ರದಲ್ಲೂ ಅದು ನಡೆಯುತ್ತಿತ್ತು. ಯಾರ ಮನೆಗೆ ಹೋಗಬೇಕೋ ಅವರ ಬಾಗಿಲಿನಷ್ಟೇ ಬಗ್ಗಿ ಹೋದ ಹಾಗೆ.

ಅಷ್ಟಾದರೂ ಜನ ಸುಲಭವಾಗಿ ಬರಲಿಲ್ಲ. ಸರ್ನ್‌ನವರನ್ನು ವೆಬ್ಬಿನತ್ತ ಎಳೆದದ್ದು ಯಾವ ಮಹಾ ವಿಜ್ಞಾನವೂ ಅಲ್ಲ, ಸಂಸ್ಥೆಯ ಟೆಲಿಫೋನ್ ಡೈರೆಕ್ಟರಿ. ಸಹೋದ್ಯೋಗಿಯ ನಂಬರು ಬೇಕಿದ್ದವನು ವೆಬ್ ಏನೆಂದು ತಿಳಿಯದೆಯೇ ವೆಬ್ ಬಳಸಿದ. ಸರ್ನ್ 2013ರಲ್ಲಿ ಆ ಮೊದಲ ತಾಣಕ್ಕೆ ಮತ್ತೆ ಜೀವ ಕೊಟ್ಟಿತು. ಪೆಲ್ಲೋ ಅವರ ಬ್ರೌಸರಿನ ಅನುಭವವನ್ನೂ ಇಂದಿನ ಪರದೆಯಲ್ಲಿ ಪಡೆಯಬಹುದು. ಒಂದು ರಾತ್ರಿ ಅದರಲ್ಲಿ ಅಂಕಿ ಒತ್ತುತ್ತಾ ಕೂತಿದ್ದೆ. ಹೊರಗೆ ಏನೇನಿದೆ, ಸಹಾಯ, ಜನರು, ನಾನು ಹೇಗೆ ನೆರವಾಗಲಿ — ಮೊದಲ ಪುಟದ ಕೊಂಡಿಗಳು ಹೆಚ್ಚುಕಡಿಮೆ ಹೀಗಿವೆ. ಮನುಷ್ಯರು ಕೇಳುವಂಥ ಮಾತುಗಳು. ನನ್ನ ‘ದಾಖಲೆಗಳು’, ‘ಸಂಗ್ರಹಗಳು’ ನೆನಪಾಗಿ ಮುಜುಗರವಾಯಿತು. 1993ರಲ್ಲಿ ‘ಮೊಸಾಯಿಕ್’ ಬಂದು ಅಕ್ಷರದ ನಡುವೆಯೇ ಚಿತ್ರ ತೋರಿಸಿತು, ಲಕ್ಷಾಂತರ ಜನ ಬಂದರು, ಅಲ್ಲಿಂದ ಪುಟಗಳು ಸಿಂಗಾರದ ಕಡೆಗೂ ವಾಲಿದವು. ನನ್ನ ಸರಿಯುವ ಚಿತ್ರಗಳು ಆ ವಂಶದವು.

ಕನ್ನಡದ ಹೊಸಬನ ಪಾಡು ಮಾತ್ರ ಬೇರೆ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಅಂತರ್ಜಾಲ ಪತ್ರಿಕೆ ಆರಂಭಿಸಿದ್ದರು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಸಾಮಾನ್ಯರ ಕಂಪ್ಯೂಟರಿಗೆ ಅದು ಬರಲು ಹತ್ತು ವರ್ಷ ಬೇಕಾಯಿತು. ಆವರೆಗೆ ಕನ್ನಡದ ತಾಣಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳನ್ನು ನೆಚ್ಚಿದ್ದವು. ಆ ಫಾಂಟು ಇಲ್ಲದವರಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಗೀಚು. ಮೊದಲು ಫಾಂಟ್ ಇಳಿಸಿಕೊಳ್ಳಿ, ಆಮೇಲೆ ಓದಿ ಎನ್ನುವ ಸೂಚನೆ ಎಷ್ಟೋ ಕಡೆ ಇಂಗ್ಲಿಷಿನಲ್ಲಿಯೇ ಇರುತ್ತಿತ್ತು. ಕನ್ನಡ ಓದಲು ಬಂದವನು ಮೊದಲು ಅರ್ಧ ಮೆಕ್ಯಾನಿಕ್ ಆಗಬೇಕಿತ್ತು.

2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ತಂದಿತು, ‘ತುಂಗಾ’ ಎಂಬ ಚೆಂದದ ಹೆಸರಿನ ಫಾಂಟನ್ನೂ. ಆದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕಾದರೆ ಕಂಟ್ರೋಲ್ ಪ್ಯಾನೆಲ್ಲಿನ ಒಳಗೆ ಹೋಗಿ, ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿಸಿ ಇಟ್ಟಿದ್ದ ಒಂದು ಚೌಕಕ್ಕೆ ಗುರುತು ಹಾಕಬೇಕಿತ್ತು. ಆ ಸಾಲಿನಲ್ಲಿ ಥಾಯ್ ಭಾಷೆಯ ಹೆಸರಿತ್ತು, ಕನ್ನಡದ್ದಿರಲಿಲ್ಲ. ಎಡದಿಂದ ಬಲಕ್ಕೆ ಬರೆಯುವ ಕನ್ನಡಿಗ ತನ್ನ ಭಾಷೆ ಅಲ್ಲಿ ಅಡಗಿದೆ ಎಂದು ಊಹಿಸುವುದು ಹೇಗೆ?

ನನ್ನ ಪೀಳಿಗೆಗೂ ಇದರ ರುಚಿ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣನ ಫೋನಿನಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ‘ಒಪೆರಾ ಮಿನಿ’ ತೆರೆದು ವಿಳಾಸದ ಜಾಗದಲ್ಲಿ ‘ಒಪೆರಾ: ಕಾನ್ಫಿಗ್’ ಎಂದು ಬರೆದರೆ ಒಂದು ಪಟ್ಟಿ ಬರುತ್ತಿತ್ತು. ಅದರ ಕೆಳಗಿನ ಒಂದು ಆಯ್ಕೆಯನ್ನು ‘ಎಸ್’ ಮಾಡಿದರೆ, ಕನ್ನಡದ ಅಕ್ಷರಗಳು ಚಿತ್ರಗಳಾಗಿ ಇಳಿದು ಬರುತ್ತಿದ್ದವು. ಅಣ್ಣ ಈ ಮಂತ್ರವನ್ನು ಗೆಳೆಯರಿಗೆ ಹೇಳಿಕೊಟ್ಟು ಚಹಾ ಕುಡಿಸಿಕೊಳ್ಳುತ್ತಿದ್ದ. ಫಾಂಟು ಈಗ ಯಾರ ಚಿಂತೆಯೂ ಅಲ್ಲ. ಆದರೆ ಬಂದವರಿಗೆ ಇಷ್ಟಾದರೂ ಗೊತ್ತಿರಲೇಬೇಕು ಎಂಬ ಆ ಹಳೆಯ ಹಟ ನನ್ನ ಮೂರು ಗೆರೆಯಲ್ಲಿ ಹಾಗೇ ಕೂತಿತ್ತು.

ತಾಣವನ್ನು ಬಿಚ್ಚಿ ಮತ್ತೆ ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಪ್ರಬಂಧದ ಒಂದು ಅಧ್ಯಾಯ ತಡವಾಯಿತು, ಬೈಸಿಕೊಂಡೆ. ಆ ನಡುವೆ ಫೋಟೋ ಕೊಟ್ಟ ಹನ್ನೊಂದು ಮನೆಯವರಲ್ಲಿ ತಬಲಾ ನುಡಿಸುತ್ತಿದ್ದ ಒಬ್ಬರು ತೀರಿಹೋದರು. ಅವರಿಗೆ ನಾನು ಕೊಟ್ಟ ಮಾತು ಹಾಗೇ ಉಳಿಯಿತು.

ಈಗ ಮೊದಲ ಪುಟದಲ್ಲಿ ಏನೂ ಸರಿಯುವುದಿಲ್ಲ. ‘ಯಾರ ಫೋಟೋ ನೋಡಬೇಕು?’ ಎಂಬ ಒಂದು ಸಾಲು, ಅದರ ಕೆಳಗೆ ಊರಿನ ಪ್ರಕಾರ ಹೆಸರುಗಳು, ದಪ್ಪ ಅಕ್ಷರದಲ್ಲಿ. ಶಾಲೆಯ ದಾಖಲೆಯ ಹೆಸರಲ್ಲ, ಜನ ಕರೆಯುತ್ತಿದ್ದ ಹೆಸರು. ಹಳ್ಳಿಯ ನೆಟ್‌ವರ್ಕಿನಲ್ಲೂ ತೆರೆಯಲಿ ಎಂದು ಫೋಟೋಗಳ ತೂಕ ಇಳಿಸಿದೆ. ಸ್ಕ್ಯಾನಿನ ಮೂಲ ಪ್ರತಿ ಬೇಕಾದ ಸಂಶೋಧಕರಿಗೆ ಪುಟದ ತಳದಲ್ಲಿ ಕೊಂಡಿ ಇದೆ, ಅವರು ಹುಡುಕಿಕೊಳ್ಳಲಿ.

ಮೊನ್ನೆ ಅಜ್ಜಿಯ ಮನೆಗೆ ಹೋದಾಗ ಫೋನನ್ನು ಅವರ ಕೈಗೇ ಕೊಟ್ಟು ಸುಮ್ಮನೆ ಕೂತೆ. ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ! ಬೆರಳು ಒಮ್ಮೆ ತಪ್ಪಿ ಬೇರೆ ಊರಿಗೆ ಹೋಯಿತು, ಮರಳಿ ಬಂತು. ತಮ್ಮ ಊರು, ಯಜಮಾನರ ಹೆಸರು. ಫೋಟೋ ತೆರೆಯಿತು. ಅಜ್ಜಿ ಏನೂ ಮಾತಾಡಲಿಲ್ಲ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ, ಕೆಳಗಿನ ವಿವರವನ್ನು ಓದಿ, ಹಿಂದಿನ ಸಾಲಿನಲ್ಲಿ ನಿಂತವರ ಮೇಲೆ ಬೆರಳಿಟ್ಟರು.

“ಇಂವಾ ಹಾರ್ಮೋನಿಯಂ ಮಾಸ್ತರ ಅಲ್ಲವಾ. ಗೇಟಿನ್ಯಾಗ ಟಿಕೀಟು ಹರೀತಿದ್ದಾಂವ. ತಪ್ಪು ಬರದೀದಿ, ತಿದ್ದು.”