ಪನ್ನೀರು ಇಳಿದ ಪಾತ್ರೆ, ಸಾರಾಯಿ ಇಳಿದ ಪಾತ್ರೆ: ಅಂಬೀಕ್‌ನ ಚರಿತ್ರೆಯಿಂದ ಒಂದು ಪಾಠ

ನಿಕಾಹ್‌ನ ಸಭೆಗೆ ಬಂದ ಅತಿಥಿಗಳ ಮೇಲೆ ಗುಲಾಬ್‌ದಾನಿಯಿಂದ ಪನ್ನೀರು ಚಿಮುಕಿಸುವ ಸಂಪ್ರದಾಯ ನಮ್ಮ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಜುಮುಅಃ ದಿನ ಸ್ನಾನ ಮಾಡಿ, ಶುಭ್ರವಸ್ತ್ರ ತೊಟ್ಟು, ಅತ್ತರು ಹಚ್ಚಿಕೊಂಡು ಮಸೀದಿಗೆ ಹೊರಡುವುದು ಪ್ರವಾದಿವರ್ಯರ(ಸ) ಸುನ್ನತ್ ಎಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಈ ಪನ್ನೀರು ಮತ್ತು ಅತ್ತರು ಯಾವ ಪಾತ್ರೆಯಿಂದ ಇಳಿದು ಬಂದವು ಎಂದು ನಾವು ವಿಚಾರಿಸುವುದು ವಿರಳ. ಅದೇ ಬಗೆಯ ಪಾತ್ರೆಯಿಂದ ಸಾರಾಯಿಯೂ ಇಳಿಯುತ್ತದೆ ಎಂಬುದು ನೆನಪಾಗುವುದು ಇನ್ನೂ ವಿರಳ.

ಈ ವಿಚಾರವನ್ನು ಕೆದಕುವಂತೆ ಮಾಡಿದ್ದು ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಯುವಕನ ಪ್ರಶ್ನೆ. ಕೆಲವು ದೇಶಗಳಲ್ಲಿ ಜನರು ತಾಮ್ರದ ತಗಡನ್ನು ಬಗ್ಗಿಸಿ, ಬೆಸೆದು, ಮನೆಯಲ್ಲೇ ಭಟ್ಟಿಪಾತ್ರೆ ಕಟ್ಟಿ ಮದ್ಯ ಇಳಿಸುವುದನ್ನು ಹವ್ಯಾಸವಾಗಿ ಮಾಡಿಕೊಂಡಿದ್ದಾರೆ. ನ್ಯೂಝಿಲೆಂಡಿನಲ್ಲಿ 1996ರಿಂದ ಸ್ವಂತ ಬಳಕೆಗಾಗಿ ಹೀಗೆ ಮಾಡಲು ಕಾನೂನಿನ ಅನುಮತಿಯೂ ಇದೆ. ಇವುಗಳ ದೃಶ್ಯಗಳನ್ನು ನೋಡಿದ್ದ ಆ ಯುವಕ ನಮ್ಮಲ್ಲಿ ಕೇಳಿದ: “ಈ ಯಂತ್ರ ನಮ್ಮವರೇ ಕಂಡುಹಿಡಿದದ್ದಲ್ಲವೇ? ಆಲ್ಕೊಹಾಲ್ ಎಂಬ ಪದವೂ ಅರಬಿಯೇ ಅಲ್ಲವೇ? ನಾನೇನೂ ಕುಡಿಯುವುದಿಲ್ಲ. ಕೇವಲ ಕಟ್ಟಿ, ಇಳಿಸಿ ನೋಡುತ್ತೇನೆ. ಅದರಲ್ಲಿ ತಪ್ಪೇನಿದೆ?”

ಪ್ರಶ್ನೆ ಪ್ರಾಮಾಣಿಕವಾಗಿತ್ತು. ಗದರಿಸಿ ಕಳುಹಿಸಿದ್ದರೆ ಅವನ ಬಾಯಿ ಮುಚ್ಚುತ್ತಿತ್ತೇ ಹೊರತು ಸಂಶಯ ತೀರುತ್ತಿರಲಿಲ್ಲ. ಆದುದರಿಂದ ಚರಿತ್ರೆಯನ್ನು ಮೊದಲಿನಿಂದ ನೋಡುವುದು ಉಚಿತವೆನಿಸಿತು.

ಮೂಲ ಎಲ್ಲಿಯದು?

ಭಟ್ಟಿ ಇಳಿಸುವ ವಿದ್ಯೆಯನ್ನು ಮುಸ್ಲಿಮರೇ ಕಂಡುಹಿಡಿದರು ಎಂಬ ಮಾತು ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಪೂರ್ಣ ಸತ್ಯವಲ್ಲ. ಇಸ್ಲಾಮಿನ ಉದಯಕ್ಕೆ ಶತಮಾನಗಳ ಮುಂಚೆಯೇ ಈಜಿಪ್ಟಿನ ಗ್ರೀಕ್ ರಸವಾದಿಗಳಿಗೆ ಈ ವಿದ್ಯೆ ತಿಳಿದಿತ್ತು. ಕ್ರಿ.ಶ. 300ರ ಸುಮಾರಿಗೆ ಬಾಳಿದ ಝೋಸಿಮಸ್, ತನಗಿಂತ ಹಿಂದಿನ ಮೇರಿ ಎಂಬ ಯಹೂದಿ ವಿದುಷಿ ಬಳಸುತ್ತಿದ್ದ ಭಟ್ಟಿಪಾತ್ರೆಗಳನ್ನು ವರ್ಣಿಸಿದ್ದಾನೆ. ಗ್ರೀಕರ ‘ಅಂಬಿಕ್ಸ್’ ಅರಬಿಯಲ್ಲಿ ‘ಅಲ್ ಅಂಬೀಕ್’ ಆಯಿತು. ಅರಬಿಯಿಂದ ಯುರೋಪಿನ ಭಾಷೆಗಳಿಗೆ ಹೋಗಿ ‘ಅಲೆಂಬಿಕ್’ ಎನಿಸಿತು. ಪರರ ಜ್ಞಾನವನ್ನು ಗೌರವದಿಂದ ಸ್ವೀಕರಿಸಿ, ಅದನ್ನು ಬೆಳೆಸಿ, ಜಗತ್ತಿಗೆ ಮರಳಿ ನೀಡಿದ್ದು ನಮ್ಮ ಪೂರ್ವಜರ ನಿಜವಾದ ಹಿರಿಮೆ. ಇಲ್ಲದ ಬಿರುದನ್ನು ಅವರಿಗೆ ತೊಡಿಸುವ ಅಗತ್ಯವಿಲ್ಲ.

ಜಾಬಿರ್ ಬಿನ್ ಹಯ್ಯಾನ್‌ರ ಹೆಸರು ಈ ವಿದ್ಯೆಯೊಂದಿಗೆ ಬೆಸೆದುಕೊಂಡಿದೆ. ಆದರೆ ಅವರ ಹೆಸರಿನಲ್ಲಿರುವ ಗ್ರಂಥರಾಶಿಯಲ್ಲಿ ಎಷ್ಟು ಅವರದೇ, ಎಷ್ಟು ನಂತರದವರದು ಎಂಬ ವಿಷಯದಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಹೆಚ್ಚು ಖಚಿತವಾದ ಆಧಾರ ದೊರೆಯುವುದು 9ನೇ ಶತಮಾನದ ಅಲ್ ಕಿಂದಿಯವರಿಂದ. ಸುಗಂಧದ್ರವ್ಯ ಮತ್ತು ಭಟ್ಟಿ ಇಳಿಸುವಿಕೆಯ ಕುರಿತಾಗಿಯೇ ಇರುವ ಅವರ ಗ್ರಂಥದಲ್ಲಿ ನೂರಕ್ಕೂ ಮಿಕ್ಕಿದ ಯೋಗಗಳಿವೆ. ಬಳಿಕ ರಯ್ ನಗರದ ವೈದ್ಯ ಅಬೂಬಕರ್ ಅಲ್ ರಾಝಿ ತಮ್ಮ ‘ಕಿತಾಬುಲ್ ಅಸ್ರಾರ್’ನಲ್ಲಿ ಪ್ರಯೋಗಶಾಲೆಯ ಉಪಕರಣಗಳನ್ನು ಒಂದೊಂದಾಗಿ ಹೆಸರಿಸಿದರು. ಕೆಳಗಿನ ಕುದಿಯುವ ಪಾತ್ರೆ ‘ಕರ್ಅ್’, ಎಂದರೆ ಸೋರೆಬುರುಡೆ. ಅದರ ಮೇಲೆ ಕೂರುವ ಕೊಕ್ಕುಳ್ಳ ಮುಚ್ಚಳ ‘ಅಂಬೀಕ್’. ಇಳಿದುದನ್ನು ಹಿಡಿಯುವ ಪಾತ್ರೆ ‘ಕಾಬಿಲಃ’. ಕುದಿಸುವುದು, ಆವಿಯನ್ನು ತಣಿಸುವುದು, ಹನಿಯನ್ನು ಹಿಡಿಯುವುದು ಎಂಬ ಮೂರು ಕೆಲಸಗಳಿಗೆ ಮೂರು ಭಾಗಗಳು. ಇಂದಿನ ಭಟ್ಟಿಯಂತ್ರದಲ್ಲಿಯೂ ಮೂಲ ವಿನ್ಯಾಸ ಇದೇ ಆಗಿದೆ.

ಗಾಜು ಮತ್ತು ಮಣ್ಣಿನ ಪಾತ್ರೆಗಳ ಜೊತೆಗೆ ತಾಮ್ರವೂ ಈ ಕೆಲಸಕ್ಕೆ ಒದಗಿಬಂತು. ತಾಮ್ರ ಶಾಖವನ್ನು ಬೇಗ ಹರಡುತ್ತದೆ. ಒಂದೇ ಕಡೆ ಕಾದು ಹೂವು ಸೀದುಹೋಗುವ ಭಯ ಕಡಿಮೆ. ಬಡಿದರೆ ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಹುಳಿ ತಗುಲಿದರೆ ಕಿಲುಬು ಹಿಡಿಯುವುದೊಂದು ದೋಷ. ನಮ್ಮ ಅಜ್ಜಿಯಂದಿರು ಬಿರಿಯಾನಿಯ ದೇಗ್‌ಗೆ ವರ್ಷವರ್ಷ ಕಲಾಯಿ ಹಾಕಿಸುತ್ತಿದ್ದುದು ಈ ದೋಷಕ್ಕಾಗಿಯೇ.

ಪನ್ನೀರಿನ ವ್ಯಾಪಾರ

ಈ ಪಾತ್ರೆ ಮುಸ್ಲಿಮ್ ಜಗತ್ತಿನಲ್ಲಿ ಅತಿಹೆಚ್ಚು ಖ್ಯಾತಿ ಗಳಿಸಿದ್ದು ಗುಲಾಬಿಯಿಂದ. ಅಬ್ಬಾಸಿ ಖಲೀಫರ ಬೊಕ್ಕಸಕ್ಕೆ ಪ್ರಾಂತಗಳಿಂದ ಸಂದಾಯವಾಗುತ್ತಿದ್ದ ಕಂದಾಯದ ಒಂದು ಪಟ್ಟಿಯನ್ನು ಇಬ್ನು ಖಲ್ದೂನ್ ತಮ್ಮ ‘ಮುಕದ್ದಿಮಃ’ದಲ್ಲಿ ಉಳಿಸಿದ್ದಾರೆ. ಅದರಲ್ಲಿ ಫಾರ್ಸ್ ಪ್ರಾಂತದ ಪಾಲಿಗೆ ಕೋಟಿಗಟ್ಟಲೆ ದಿರ್ಹಮ್‌ಗಳ ಜೊತೆಗೆ 30,000 ಸೀಸೆ ಪನ್ನೀರು ಕೂಡ ಸೇರಿದೆ. 14ನೇ ಶತಮಾನದ ಆರಂಭದಲ್ಲಿ ಬರೆದ ಅಲ್ ದಿಮಶ್ಕಿ, ಡಮಾಸ್ಕಸ್ ಬಳಿಯ ಮಿಝ್ಝಃ ಗ್ರಾಮದ ಪನ್ನೀರಿನ ಕುಲುಮೆಗಳನ್ನು ವರ್ಣಿಸಿ, ಅಲ್ಲಿಯ ಸರಕು ಹಿಜಾಝ್, ಯಮನ್, ಹಿಂದೂಸ್ತಾನ್ ಮತ್ತು ಚೀನಾದವರೆಗೆ ಸಾಗುತ್ತಿತ್ತೆಂದು ತಿಳಿಸಿದ್ದಾರೆ. ಸೆವಿಲ್‌ನ ಇಬ್ನುಲ್ ಅವ್ವಾಮ್ 12ನೇ ಶತಮಾನದಲ್ಲಿ ಬರೆದ ಕೃಷಿಗ್ರಂಥದಲ್ಲಿಯೂ ಪನ್ನೀರು ಇಳಿಸುವ ವಿಧಾನವಿದೆ.

1187ರಲ್ಲಿ ಬೈತುಲ್ ಮಕ್ದಿಸ್ ಮರಳಿ ಕೈಸೇರಿದಾಗ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಕಡೆಯವರು ಅಲ್ಲಿಯ ಪವಿತ್ರ ಸ್ಥಳಗಳನ್ನು ಪನ್ನೀರಿನಿಂದ ತೊಳೆದರು. ಪವಿತ್ರ ಕಅಬಾವನ್ನು ಇಂದಿಗೂ ಝಮ್‌ಝಮ್ ಮತ್ತು ಪನ್ನೀರು ಬೆರೆಸಿ ತೊಳೆಯಲಾಗುತ್ತದೆ. ತಾಯಿಫ್‌ನ ಗುಲಾಬಿ ತೋಟಗಳಲ್ಲಿ ಹೂವಿನ ಋತು ಬಂತೆಂದರೆ ತಾಮ್ರದ ದೊಡ್ಡ ಪಾತ್ರೆಗಳು ಒಲೆಯೇರುತ್ತವೆ. ಯೂನಾನಿ ಹಕೀಮರು ಸೋಂಪು, ಓಮ, ಗುಲಾಬಿಗಳಿಂದ ಇಳಿಸುವ ‘ಅರ್ಕ್’ ಎಂಬ ಔಷಧಗಳೂ ಈ ಪಾತ್ರೆಯ ಕೊಡುಗೆಗಳೇ.

ಪದವೊಂದರ ಪಯಣ

ಹಾಗಾದರೆ ಮದ್ಯವನ್ನು ಇದರಲ್ಲಿ ಇಳಿಸಬಹುದೆಂಬುದು ಅವರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ದ್ರಾಕ್ಷಾಮದ್ಯವನ್ನೂ ಹೀಗೆಯೇ ಇಳಿಸಬಹುದೆಂಬ ಸೂಚನೆ ಅಲ್ ಕಿಂದಿಯವರ ಗ್ರಂಥದಲ್ಲಿದೆ. ಬಗ್ದಾದಿನಲ್ಲಿ ಕುಡಿಯುವವರೂ ಇದ್ದರು. ಅದನ್ನು ಹಾಡಿ ಹೊಗಳಿದ ಅಬೂ ನುವಾಸ್‌ನಂತಹ ಕವಿಗಳೂ ಇದ್ದರು. ಇದನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಆದರೆ ಮುಸ್ಲಿಮ್ ನಾಗರಿಕತೆಯ ವಿದ್ವತ್ತು ಮತ್ತು ಮಾರುಕಟ್ಟೆಗಳು ಈ ಪಾತ್ರೆಗೆ ಮೆಚ್ಚುಗೆಯಿಂದ ಒಪ್ಪಿಸಿದ ಕೆಲಸ ಹೂವಿನದು ಮತ್ತು ಮದ್ದಿನದು.

‘ಆಲ್ಕೊಹಾಲ್’ ಪದದ ಕತೆಯೂ ಹೀಗೆಯೇ. ‘ಅಲ್ ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ಅತಿ ನುಣ್ಣಗೆ ಅರೆದ ಪುಡಿ ಎಂಬ ಅರ್ಥದಲ್ಲಿ ಅದು ಲ್ಯಾಟಿನ್‌ಗೆ ಹೋಯಿತು. ಅಲ್ಲಿಂದ ಯಾವುದೇ ವಸ್ತುವಿನ ಸೂಕ್ಷ್ಮ ಸಾರ ಎಂಬ ಅರ್ಥ ಪಡೆಯಿತು. 16ನೇ ಶತಮಾನದಲ್ಲಿ ಪ್ಯಾರಸೆಲ್ಸಸ್ ಮದ್ಯದ ಸಾರವನ್ನು ಈ ಹೆಸರಿನಿಂದ ಕರೆದ. ಪದ ಅರಬಿಯದಾದರೂ ಅರ್ಥ ಯುರೋಪಿನದು. ಯುರೋಪಿನವರು ಭಟ್ಟಿ ಇಳಿಸಿದ ಮದ್ಯಕ್ಕೆ ‘ಜೀವಜಲ’ ಎಂಬ ಹೆಸರನ್ನೂ ಇಟ್ಟಿದ್ದರು. ಹೆಸರು ಎಷ್ಟೇ ಸುಂದರವಾಗಿದ್ದರೂ ವಸ್ತುವಿನ ಗುಣ ಬದಲಾಗದು. ಇತ್ತ, ಬೆವರು ಎಂಬ ಅರ್ಥದ ಅರಬಿ ‘ಅರಕ್’ ಪದ ಒಂದೆಡೆ ಹಕೀಮರ ಔಷಧಕ್ಕೂ ಇನ್ನೊಂದೆಡೆ ‘ಅರಾಕ್’ ಎಂಬ ಸಾರಾಯಿಗೂ ಹೆಸರಾಯಿತು.

ಒಂದೇ ಅರಮನೆ, ಎರಡು ಫಲಗಳು

ಈ ಪಾತ್ರೆಯ ಎರಡೂ ಮುಖಗಳನ್ನು ಒಂದೇ ಸೂರಿನಡಿ ಕಾಣಬೇಕಾದರೆ ಮೊಗಲರ ಅರಮನೆಗೆ ಹೋಗಬೇಕು. ಬಾದಶಾಹ್ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅತ್ತರಿನ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ನೂರ್‌ಜಹಾನಳ ತಾಯಿ ಅಸ್ಮತ್ ಬೇಗಮ್ ಪನ್ನೀರು ತಯಾರಿಸುವಾಗ, ಬಿಸಿ ಪನ್ನೀರನ್ನು ಸುರಿದ ತಟ್ಟೆಗಳಲ್ಲಿ ತೆಳುವಾದ ಜಿಡ್ಡಿನ ಕೆನೆ ಕಟ್ಟುವುದನ್ನು ಗಮನಿಸಿದರು. ಅದನ್ನು ತುಸುತುಸುವಾಗಿ ಸಂಗ್ರಹಿಸಿದಾಗ ಒಂದು ಹನಿಯೇ ಇಡೀ ಸಭೆಯನ್ನು ಘಮಘಮಿಸುವಂತೆ ಮಾಡಬಲ್ಲ ಗುಲಾಬಿಯ ಅತ್ತರು ದೊರೆಯಿತು. ಬಾದಶಾಹ್ ಮೆಚ್ಚಿ ಮುತ್ತಿನ ಹಾರ ಕೊಟ್ಟ. ಸಲೀಮಾ ಸುಲ್ತಾನ್ ಬೇಗಮ್ ಅದಕ್ಕೆ ‘ಇತ್ರೆ ಜಹಾಂಗೀರಿ’ ಎಂದು ಹೆಸರಿಟ್ಟರು.

ಅದೇ ಗ್ರಂಥದಲ್ಲಿ ಅದೇ ಬಾದಶಾಹ್ ತನ್ನ ಕುಡಿತದ ಕತೆಯನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ತಾರುಣ್ಯದಲ್ಲಿ ಒಂದು ಬಟ್ಟಲಿನಿಂದ ಆರಂಭವಾದದ್ದು ಬೆಳೆಯುತ್ತಾ ಹೋಗಿ, ದ್ರಾಕ್ಷಾಮದ್ಯದ ಅಮಲು ಸಾಲದೆ, ಎರಡು ಬಾರಿ ಭಟ್ಟಿ ಇಳಿಸಿದ ಸಾರಾಯಿಗೆ ತಿರುಗಿ, ದಿನಕ್ಕೆ ಇಪ್ಪತ್ತು ಬಟ್ಟಲನ್ನು ಮುಟ್ಟಿತು. ಕೈ ನಡುಗಿ ಬಟ್ಟಲನ್ನು ತಾನೇ ಹಿಡಿಯಲಾಗದೆ ಬೇರೆಯವರು ಕುಡಿಸಬೇಕಾದ ಸ್ಥಿತಿ ಬಂತು. ಆತನ ತಮ್ಮ ಮುರಾದ್ 1599ರಲ್ಲಿ ಕುಡಿತದಿಂದಲೇ ಸತ್ತ. ಇನ್ನೊಬ್ಬ ತಮ್ಮ ದಾನಿಯಾಲ್‌ನನ್ನು ಉಳಿಸಲು ತಂದೆ ಅಕ್ಬರ್ ಕಾವಲು ಹಾಕಿಸಿದ್ದ. ಆ ರಾಜಕುಮಾರ ಸೇವಕನನ್ನು ಓಲೈಸಿ ಕೋವಿಯ ನಳಿಗೆಯೊಳಗೆ ಸಾರಾಯಿ ತುಂಬಿಸಿ ತರಿಸಿಕೊಂಡ. ಮದ್ದಿನ ಕಿಟ್ಟ ಮತ್ತು ತುಕ್ಕು ಬೆರೆತ ಆ ಸಾರಾಯಿಯೇ ಅವನಿಗೆ ಮೃತ್ಯುವಾಯಿತು. ಬುರ್ಹಾನ್‌ಪುರದಲ್ಲಿ ಅವನು ತೀರಿಕೊಂಡಾಗ ವಯಸ್ಸು ಮೂವತ್ತರ ಆಸುಪಾಸು.

ಒಂದೇ ಮನೆತನ, ಒಂದೇ ವಿದ್ಯೆ. ಒಬ್ಬ ತಾಯಿಯ ಕೈಯಲ್ಲಿ ಅದು ಸುಗಂಧವಾಯಿತು. ಇನ್ನೊಬ್ಬ ತಂದೆಯ ಇಬ್ಬರು ಮಕ್ಕಳನ್ನು ಅದು ಮಣ್ಣಿಗೆ ಸೇರಿಸಿತು.

ಪಾತ್ರೆಯ ಕುರಿತು ಪ್ರವಾದಿವಚನ

ಪವಿತ್ರ ಕುರ್‌ಆನ್ ಮದ್ಯವನ್ನು ಹಂತಹಂತವಾಗಿ ನಿಷೇಧಿಸಿತು. ಅದರಲ್ಲಿ ಸ್ವಲ್ಪ ಪ್ರಯೋಜನವಿದ್ದರೂ ಪಾಪವೇ ದೊಡ್ಡದೆಂದು ಅಲ್ ಬಕರಃ ಅಧ್ಯಾಯದ 219ನೇ ಸೂಕ್ತ ಎಚ್ಚರಿಸಿತು. ಅಮಲಿನಲ್ಲಿ ನಮಾಝ್‌ನ ಬಳಿ ಸುಳಿಯಬಾರದೆಂದು ಅನ್ನಿಸಾದ 43ನೇ ಸೂಕ್ತ ತಡೆಯಿತು. ಕೊನೆಗೆ ಅಲ್ ಮಾಇದಃದ 90 ಮತ್ತು 91ನೇ ಸೂಕ್ತಗಳು ಅದನ್ನು ಶೈತಾನನ ಕೃತ್ಯವೆಂದು ಸಾರಿ ಸಂಪೂರ್ಣವಾಗಿ ವರ್ಜಿಸಿದವು. ಆ ಘೋಷಣೆ ಕೇಳಿದೊಡನೆ ಮದೀನಾದ ಜನರು ಮನೆಯಲ್ಲಿದ್ದ ಮದ್ಯವನ್ನು ಬೀದಿಗೆ ಚೆಲ್ಲಿದ್ದನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಆ ದಿನ ಅಬೂ ತಲ್ಹಾ(ರ)ರವರ ಮನೆಯಲ್ಲಿ ಮದ್ಯ ಬಡಿಸುತ್ತಿದ್ದವರು ಅವರೇ.

ಇಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಇನ್ನೊಂದು ಸಂಗತಿಯಿದೆ. ಅಬ್ದುಲ್ ಕೈಸ್ ಗೋತ್ರದ ನಿಯೋಗ ಬಂದಾಗ ಪ್ರವಾದಿವರ್ಯರು(ಸ) ಮದ್ಯದ ಜೊತೆಗೆ ಅದನ್ನು ಹುಳಿಯಿಸುತ್ತಿದ್ದ ಕೆಲವು ಪಾತ್ರೆಗಳನ್ನೂ ನಿಷೇಧಿಸಿದ್ದರು. ಅವುಗಳಲ್ಲಿ ಸೋರೆಬುರುಡೆಯೂ ಒಂದು. ಮುಂದೆ ಜನರ ಮನಸ್ಸು ಮದ್ಯದಿಂದ ದೂರವಾದ ಮೇಲೆ ಆ ನಿರ್ಬಂಧವನ್ನು ಸಡಿಲಿಸಿದರು. ಪಾತ್ರೆ ತಾನಾಗಿ ಯಾವುದನ್ನೂ ಹಲಾಲ್ ಅಥವಾ ಹರಾಮ್ ಮಾಡುವುದಿಲ್ಲ, ಆದರೆ ಅಮಲೇರಿಸುವುದೆಲ್ಲವೂ ಹರಾಮ್ ಎಂಬ ಆಶಯದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಲ್ ರಾಝಿ ಸೋರೆಬುರುಡೆಯ ಹೆಸರಿನಿಂದಲೇ ಕರೆದ ಭಟ್ಟಿಪಾತ್ರೆಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಹಾಗಾದರೆ “ನಾನು ಕುಡಿಯುವುದಿಲ್ಲ, ಮಾಡುತ್ತೇನೆ ಅಷ್ಟೆ” ಎಂಬ ವಾದ? ಮದ್ಯಕ್ಕೆ ಸಂಬಂಧಿಸಿ ಹತ್ತು ಮಂದಿಯನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ತಿರ್ಮಿಝಿ ಮತ್ತು ಇಬ್ನು ಮಾಜಃ ವರದಿ ಮಾಡಿದ್ದಾರೆ. ಅವರಲ್ಲಿ ಕುಡಿಯುವವನು ಒಬ್ಬ ಮಾತ್ರ. ಹಿಂಡುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಹಣ ತಿನ್ನುವವನು ಎಲ್ಲರೂ ಆ ಸಾಲಿನಲ್ಲಿದ್ದಾರೆ. ತಯಾರಿಸುವ ಕೈಗೆ ಬಾಯಿಯಿಂದ ಪ್ರತ್ಯೇಕವಾದ ರಿಯಾಯಿತಿ ಶರೀಅತ್‌ನಲ್ಲಿಲ್ಲ.

ನಮ್ಮ ನಾಡಿನ ಗಾಯ

ಕರ್ನಾಟಕದ ಜನರಿಗೆ ಇದು ಕೇವಲ ಗ್ರಂಥದ ಮಾತಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2008ರಲ್ಲಿ ಮತ್ತೆ ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ನೂರಕ್ಕೂ ಹೆಚ್ಚು ಜೀವಗಳು ಹೋದವು. ಸತ್ತವರಲ್ಲಿ ಬಹುಪಾಲು ದಿನಗೂಲಿಯ ಬಡವರು. ಎರಡೂ ಬಾರಿ ಕೊಂದದ್ದು ಮೆಥನಾಲ್ ಬೆರೆತ ಮದ್ಯ. ನೋಟ, ವಾಸನೆಗಳಲ್ಲಿ ಅದನ್ನು ಬೇರ್ಪಡಿಸಿ ಗುರುತಿಸುವುದು ಕುಡಿಯುವವನಿಗೆ ಸಾಧ್ಯವಿಲ್ಲ. ಮೊದಲು ಕಣ್ಣು ಹೋಗುತ್ತದೆ, ಬಳಿಕ ಪ್ರಾಣ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನಷ್ಟೇ ಅಲ್ಲ, ಅದಕ್ಕಾಗಿ ಭಟ್ಟಿಪಾತ್ರೆ ಇಟ್ಟುಕೊಳ್ಳುವುದನ್ನೂ 1965ರ ಕರ್ನಾಟಕ ಅಬಕಾರಿ ಕಾಯ್ದೆ ಅಪರಾಧವೆಂದು ಪರಿಗಣಿಸುತ್ತದೆ. ನ್ಯೂಝಿಲೆಂಡಿನ ಹವ್ಯಾಸ ಇಲ್ಲಿ ಕಳ್ಳಭಟ್ಟಿಯೆನಿಸುತ್ತದೆ.

ಇದೇ ಮಣ್ಣಿನಲ್ಲಿ ಟಿಪ್ಪು ಸುಲ್ತಾನ್ ಬೊಕ್ಕಸದ ನಷ್ಟವನ್ನು ಲೆಕ್ಕಿಸದೆ ಮದ್ಯ ನಿಷೇಧಕ್ಕೆ ಮುಂದಾಗಿದ್ದರು. ಇದೇ ಮಣ್ಣಿನ ಶ್ರೀಗಂಧದಿಂದ ಎಣ್ಣೆ ಇಳಿಸಲು ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಿತು. ಉತ್ತರದ ಕನೌಜಿನಲ್ಲಿ ಅತ್ತರಿನ ಕುಶಲಕರ್ಮಿಗಳು ಇಂದಿಗೂ ತಾಮ್ರದ ದೇಗ್‌ಗೆ ಹೂವು, ನೀರು ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಶ್ರೀಗಂಧದ ಎಣ್ಣೆಯಿರುವ ಭಪ್ಕಾ ಎಂಬ ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ. ಎಷ್ಟು ಉರಿ ಬೇಕು, ಯಾವಾಗ ತಣಿಸಬೇಕು ಎಂಬುದನ್ನು ಅವರು ಕೈಯಿಂದ ಮುಟ್ಟಿ ತಿಳಿಯುತ್ತಾರೆ.

ಆ ಯುವಕನಿಗೆ ನಾವು ಹೇಳಿದ್ದು ಇಷ್ಟೇ: ನಿನ್ನ ಕೈಯಲ್ಲಿರುವ ಕೌಶಲ ಅಲ್ಲಾಹನ ಅನುಗ್ರಹ, ಅದನ್ನು ಕೊಲ್ಲಬೇಡ. ತಾಮ್ರ ಬಗ್ಗಿಸುವುದನ್ನು ಕಲಿ, ಶಾಖ ಮತ್ತು ಆವಿಯ ನಿಯಮಗಳನ್ನು ಕಲಿ. ಅಲ್ ಕಿಂದಿ ಮತ್ತು ಅಲ್ ರಾಝಿಯವರನ್ನು ಹೆಮ್ಮೆಗಾಗಿ ಹೆಸರಿಸುವ ಬದಲು ಅವರು ಮಾಡಿದ ಕೆಲಸವನ್ನು ಮುಂದುವರಿಸು. ಆದರೆ ಪಾತ್ರೆಗೆ ಹಾಕುವುದು ಏನೆಂಬುದನ್ನು ನಿರ್ಧರಿಸುವುದು ನೀನು, ಮತ್ತು ನಾಳೆ ಅದರ ಲೆಕ್ಕ ಕೊಡಬೇಕಾದವನೂ ನೀನೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಸೇರು ಪನ್ನೀರಿಗೆ ಎಷ್ಟು ಗುಲಾಬಿ ಬೇಕಾದೀತು ಎಂದು ಕೇಳಿದ.

ನಮ್ಮ ಮಕ್ಕಳ ಕೈಯ ಕೌಶಲವನ್ನು ಅಲ್ಲಾಹನು ಸುಗಂಧದ ದಾರಿಯಲ್ಲಿ ನಡೆಸಲಿ, ನಮ್ಮ ಮನೆಗಳನ್ನು ಅಮಲಿನ ಎಲ್ಲ ರೂಪಗಳಿಂದ ಕಾಪಾಡಲಿ. ಆಮೀನ್.