ಧೂಮಕೇತುವಿನ ಜಾತ್ರೆ

ತರಗತಿಯಲ್ಲಿ ಬಹುವ್ರೀಹಿ ಸಮಾಸಕ್ಕೆ ನಾನು ಕೊಡುವ ಉದಾಹರಣೆಗಳಲ್ಲಿ ‘ಧೂಮಕೇತು’ ಒಂದು. ಹೊಗೆಯೇ ಬಾವುಟವಾಗಿ ಉಳ್ಳದ್ದು ಯಾವುದೊ ಅದು. ಸಂಸ್ಕೃತದಲ್ಲಿ ಅಗ್ನಿಗೂ ಇದೇ ಹೆಸರುಂಟು. ಆದರೆ ಬಾನಿನ ಧೂಮಕೇತುವನ್ನು ಕಂಡಾಗ ನಮ್ಮ ಹಿರಿಯರಿಗಾದದ್ದು ಅಂಜಿಕೆ: ಅರಸನಿಗೆ ಕೇಡು, ನಾಡಿಗೆ ಬರ!

ಈ ಅಂಜಿಕೆ ನಮ್ಮೊಬ್ಬರದೇ ಸ್ವತ್ತಲ್ಲ. 1910ರ ಮೇ ತಿಂಗಳಲ್ಲಿ ಭೂಮಿಯು ಹ್ಯಾಲಿ ಧೂಮಕೇತುವಿನ ಬಾಲದೊಳಗೆ ಹಾಯುವುದೆಂದೂ ಅದರಲ್ಲಿ ವಿಷಾನಿಲವಿದೆಯೆಂದೂ ಪತ್ರಿಕೆಗಳಲ್ಲಿ ಬಂದಾಗ, ಅಮೆರಿಕದಲ್ಲಿಯೇ ‘ಧೂಮಕೇತು ಗುಳಿಗೆ’ಗಳು ಮಾರಾಟವಾದುವು.

ಅದೇ ದೇಶದಲ್ಲಿ 95 ವರ್ಷಗಳ ತರುವಾಯ ಜನ ಧೂಮಕೇತುವಿಗಾಗಿ ಜಾತ್ರೆ ಸೇರಿದರು. 2005ರ ಜುಲೈ 3ರ ಸಂಜೆ, ಹವಾಯಿಯ ವೈಕಿಕಿ ಕಡಲ ದಂಡೆಯಲ್ಲಿ ದೊಡ್ಡದೊಂದು ಸಿನಿಮಾ ಪರದೆ. ಅದರ ಮುಂದೆ ಸುಮಾರು 10,000 ಮಂದಿ. ಅವರು ಕಾದಿದ್ದುದು 1867ರಲ್ಲಿ ವಿಲ್ಹೆಲ್ಮ್ ಟೆಂಪಲ್ ಕಂಡುಹಿಡಿದ ಟೆಂಪಲ್-1 ಧೂಮಕೇತುವಿನ ಸುದ್ದಿಗಾಗಿ. ಜನವರಿಯಲ್ಲಿ ಹೊರಟಿದ್ದ ‘ಡೀಪ್ ಇಂಪ್ಯಾಕ್ಟ್’ ನೌಕೆಯು 370 ಕಿಲೋಗ್ರಾಂ ತೂಕದ ಮರಿನೌಕೆಯೊಂದನ್ನು ಅದರ ದಾರಿಯಲ್ಲಿ ಬಿಟ್ಟಿತ್ತು. ಓಡುವ ಬಂಡಿಗೆ ಅಡ್ಡ ಕಲ್ಲಿಟ್ಟ ಹಾಗೆ. ಧೂಮಕೇತು ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಬಂದು ಅದನ್ನು ಹಾಯಬೇಕು. ಒಡೆದ ಗುಂಡಿಯೊಳಗೆ, ಸೂರ್ಯಮಂಡಲ ಹುಟ್ಟಿದ ಕಾಲದ ದ್ರವ್ಯವನ್ನು ನಾವು ನೋಡಬೇಕು. ಇದು ವಿಜ್ಞಾನಿಗಳ ಎಣಿಕೆ. ಆ ಮರಿನೌಕೆಯ ತಟ್ಟೆಯೊಂದರಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ತಮ್ಮ ಹೆಸರನ್ನು ಬರೆಸಿದ್ದರು.

ಅಲ್ಲಿಯ ಗಂಟೆ 7-52ಕ್ಕೆ ಡಿಕ್ಕಿಯ ವಾರ್ತೆ ತಲುಪಿತು. ಡಿಕ್ಕಿಯಾಗಿ ಆಗಲೇ ಏಳು ನಿಮಿಷ ಮೀರಿತ್ತು. 13 ಕೋಟಿ ಕಿಲೋಮೀಟರುಗಳನ್ನು ದಾಟಿ ಬರಲು ರೇಡಿಯೋ ಸಂಕೇತಕ್ಕೂ ಅಷ್ಟು ಹೊತ್ತು ಬೇಕು. ಪರದೆಯ ಮೇಲೆ ಬೆಳಕು ಹೊಮ್ಮಿತು. ಜನ ಹರ್ಷೋದ್ಗಾರ ಮಾಡಿದರು. ಅಷ್ಟೂ ಹೆಸರುಗಳು ನೌಕೆಯೊಡನೆ ಆವಿಯಾಗಿದ್ದುವು.

ಆದರೆ ಗುಂಡಿ ಕಾಣಲಿಲ್ಲ! ಎದ್ದ ನುಣುಪು ಧೂಳಿನ ಮೋಡ ಎಲ್ಲವನ್ನೂ ಮರೆಮಾಡಿತು. ಆ ಧೂಳಿನಿಂದಲೇ ಮಂಜುಗಡ್ಡೆಯ, ಇಂಗಾಲದ ಸಂಯುಕ್ತಗಳ ಸುಳಿವು ದೊರೆತುದು ನಿಜ. ಗುಂಡಿಯನ್ನು ನೋಡಲು ಮಾತ್ರ ಇನ್ನೊಂದು ನೌಕೆಯೇ ಬೇಕಾಯಿತು. 2011ರ ಫೆಬ್ರವರಿಯಲ್ಲಿ ‘ಸ್ಟಾರ್‌ಡಸ್ಟ್’ ಅಲ್ಲಿಗೆ ಹೋಗಿ, ಸುಮಾರು 150 ಮೀಟರ್ ಅಗಲದ ಮಸುಕಾದ ಗುರುತೊಂದನ್ನು ಕಂಡಿತು.

ಹೆಸರಿಟ್ಟವರು ತಪ್ಪಲಿಲ್ಲವೆಂದು ನನಗೆ ತೋರುತ್ತದೆ. 1910ರವರ ಕಣ್ಣಿಗೂ 2005ರವರ ಕಣ್ಣಿಗೂ ಬಿದ್ದುದು ಹೊಗೆಯ ಬಾವುಟವೇ. ಅವರು ಗುಳಿಗೆ ನುಂಗಿದರು; ಇವರು ಆರು ವರ್ಷ ಕಾದರು. ಮನುಷ್ಯ ಮುಂದುವರಿದಿದ್ದಾನೆ ಎನ್ನುವುದಾದರೆ ಆ ಕಾಯುವಿಕೆಯಲ್ಲಿಯೇ ಹೊರತು ಆ ಡಿಕ್ಕಿಯಲ್ಲಿ ಅಲ್ಲ.