ಒಂದು ಬಿಲ್ಲೆ, ನಾಲ್ಕು ಚಿಹ್ನೆಗಳು: ಮಂಡಲಲೇಖನದ ಒಂದು ರೂಢಿಯ ಚರಿತ್ರೆ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ವಿನ್ಯಾಸಕೇಂದ್ರವನ್ನು ತೆರೆದುದು 1985ರಲ್ಲಿ, ಬನಶಂಕರಿಯ ಪಿ.ಇ.ಎಸ್. ತಾಂತ್ರಿಕ ವಿದ್ಯಾಲಯವು ಆರಂಭವಾದುದು 1988ರಲ್ಲಿ. ಆ ಸಂಸ್ಥೆಯು 1960ರ ದಶಕದಲ್ಲಿ ಬಳಕೆಗೆ ತಂದ 7400 ಎಂಬ ಬಿಲ್ಲೆಯು ಇಂಥ ವಿದ್ಯಾಲಯಗಳ ಪ್ರಯೋಗಶಾಲೆಗಳಿಗೆ ಚಿರಪರಿಚಿತವಾದುದು. ಅದನ್ನು ಕುರಿತ ಒಂದು ರೂಢಿಯ ಮೂಲವನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಈ ಬಿಲ್ಲೆಗೆ ಕಾಲುಗಳು 14. ಒಳಗಿರುವ ನ್ಯಾಂಡ್ ದ್ವಾರಗಳು ನಾಲ್ಕು. ದ್ವಾರವೊಂದಕ್ಕೆ ಮೂರರಂತೆ 12 ಕಾಲುಗಳು ಸಲ್ಲುತ್ತವೆ. ಉಳಿದ 7 ಮತ್ತು 14ನೆಯವು ನಾಲ್ಕಕ್ಕೂ ಸಾಧಾರಣವಾದ ವಿದ್ಯುತ್ತಿನವು. ಕಾಗದದ ಕಾಲದ ನಕ್ಷೆಗಾರನು ದ್ವಾರಗಳನ್ನು ತರ್ಕಕ್ಕೆ ಬೇಕಾದೆಡೆ ಬಿಡಿಬಿಡಿಯಾಗಿ ಬರೆದು, ವಿದ್ಯುತ್ತಿನ ಕಾಲುಗಳನ್ನು ಮೂಲೆಯ ಪಟ್ಟಿಯೊಂದರಲ್ಲಿ ಸೂಚಿಸುತ್ತಿದ್ದನು. ಇದು ಶ್ರಮಲಾಘವದ ಉಪಾಯ.

ಗಣಕದ ತಂತ್ರಾಂಶಗಳು ಈ ಉಪಾಯವನ್ನೇ ಅನುಸರಿಸಿದವು. ಯು1ಎ, ಯು1ಬಿ ಎಂದು ದ್ವಾರಗಳು ಬೇರೆಬೇರೆಯಾಗಿ ನಿಂತವು. ವಿದ್ಯುತ್ತಿನ ಕಾಲುಗಳು ಅನೇಕ ಕಡೆ ಅದೃಶ್ಯವಾಗಿ, ಹೆಸರಿನ ಬಲದಿಂದಲೇ ಜೋಡಣೆಗೊಂಡವು. ಹೆಸರು ಹೊಂದದಿದ್ದರೆ ನಿರ್ದೋಷವಾಗಿ ಕಾಣುವ ನಕ್ಷೆಯಿಂದಲೂ ನಿರ್ಜೀವವಾದ ಫಲಕವೇ ಹುಟ್ಟುವುದು. ಫ್ರಾನ್ಸಿನ ಜಾನ್ ಪಿಯೆರ್ ಶಾರಾಸ್ 1992ರಲ್ಲಿ ಆರಂಭಿಸಿದ ಕೀಕ್ಯಾಡ್‌ನಲ್ಲಿ ಈಗ 7400ರ ವಿದ್ಯುತ್ ಭಾಗವು ಐದನೆಯ ಘಟಕವಾಗಿ ಕಣ್ಣಿಗೆ ಬೀಳುತ್ತದೆ. ಆದರೆ ಅದನ್ನು ನಕ್ಷೆಯಲ್ಲಿರಿಸಲು ಮರೆತರೆ ಹಳೆಯ ದೋಷವೇ ಮರಳುತ್ತದೆ.

ಆದುದರಿಂದ ವಿದ್ಯಾರ್ಥಿಯ ಈ ತಪ್ಪನ್ನು ಕೇವಲ ಅಜಾಗರೂಕತೆಯೆಂದು ಗಣಿಸಲಾಗದು. ಕಾಗದದ ಮೂಲೆಯ ಆ ಪಟ್ಟಿಯು ಅಳಿದರೂ ಅದನ್ನು ಆಧರಿಸಿದ್ದ ರೂಢಿಯು ಉಳಿದುದೇ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ. ಉಪಕರಣದೊಡನೆ ಅದರ ಚರಿತ್ರೆಯನ್ನೂ ಬೋಧಿಸುವುದು ಅವಶ್ಯಕ.